ರುಂಬಾ ಕೇಳುವವರಿಗೆ ಹಲಗಿ ಯಾಕೆ ಗದ್ದಲ?

ಲ್ಯಾಟಿನ್ ಸಂಗೀತವನ್ನು 'ನಮ್ಮದಲ್ಲದ್ದು' ಎನ್ನುವವರ ಮೇಲೆ ನನಗೆ ತಕರಾರಿಲ್ಲ, ಅವರು ಕೇಳಿಯೇ ಇಲ್ಲ. ನನ್ನ ಜಗಳ ಕೇಳುವವರ ಜೊತೆ. ರಾಯಚೂರಿನ ಕೋಣೆಗಳಲ್ಲಿ ಸಾಲ್ಸಾ, ರುಂಬಾ ಹಾಕಿಕೊಂಡು ತಲೆದೂಗುವ ನನ್ನ ಓರಗೆಯ ಸಂಶೋಧಕರೇ ಊರಿಗೆ ಹೋದಾಗ ಹಲಗಿಯ ಸದ್ದಿಗೆ ಕಿಟಕಿ ಮುಚ್ಚುತ್ತಾರೆ.

ರುಂಬಾ ಹುಟ್ಟಿದ್ದಾದರೂ ಎಲ್ಲಿ? ಕ್ಯೂಬಾದ ಹವಾನಾ, ಮತಾಂಜಾಸ್‌ಗಳ ಬಡವರ ಕೇರಿಗಳಲ್ಲಿ. ಗುಲಾಮಗಿರಿಗೆಂದು ಎಳೆತಂದ ಆಫ್ರಿಕನ್ನರ ಮಕ್ಕಳು ಉಪ್ಪುಮೀನಿನ ಖಾಲಿ ಪೆಟ್ಟಿಗೆ ಬಡಿದು ಅದನ್ನು ಕಟ್ಟಿದರು. ಎರಡು ಕೋಲಿನ ಐದು ಪೆಟ್ಟು, ಅದೇ ಕ್ಲಾವೆ, ಉಳಿದವರೆಲ್ಲ ಅದಕ್ಕೆ ಹೊಂದಿಕೊಂಡು ನುಡಿಸಬೇಕು. 2016ರಲ್ಲಿ ಯುನೆಸ್ಕೊ ರುಂಬಾವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮವರು ಮೆಚ್ಚುವುದು ಆ ಪಟ್ಟಿಯನ್ನೋ ಪೆಟ್ಟನ್ನೋ, ನನಗೆ ಅನುಮಾನ.

ದೇವದುರ್ಗ, ಮಾನ್ವಿ ಕಡೆ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಲೆಕ್ಕ ಕೊಡುವುದು ಹಲಗಿ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡು ಬಾರಿಸುವವರು ಹೆಚ್ಚಾಗಿ ಮಾದಿಗ ಸಮುದಾಯದವರು. ಹಲಗಿ ಕೇಳಿದೊಡನೆ ನಮಗೆ ಅವರ ಜಾತಿ ನೆನಪಾಗುತ್ತದೆ. ಹವಾನಾದವನ ಕೇರಿ ನಮಗೆ ಗೊತ್ತಿಲ್ಲ, ಹಾಗಾಗಿ ಅವನನ್ನು ಮೆಚ್ಚುವುದು ಸಲೀಸು.

ರುಂಬಾ ಬಿಡಿ ಎನ್ನುತ್ತಿಲ್ಲ. ದೇವದುರ್ಗದ ಬಸ್ಸಿನಲ್ಲಿ ಕ್ಲಾವೆ ಎಣಿಸುತ್ತಾ ನನ್ನ ಬೆರಳೂ ಸೀಟಿನ ಕಂಬಿ ಮೇಲೆ ಕುಣಿಯುತ್ತದೆ. ಆದರೆ ಕ್ಲಾವೆಯ ಐದು ಪೆಟ್ಟಿನ ಬಗ್ಗೆ ಪುಟಗಟ್ಟಲೆ ಬರೆಯುವವರು ಅಲಾಯಿ ಹೆಜ್ಜೆಗೆ ಹಲಗಿ ಎಷ್ಟು ಪೆಟ್ಟು ಹಾಕುತ್ತದೆಂದು ಒಮ್ಮೆ ಎಣಿಸಲಿ, ಬಾರಿಸಿದವರ ಹೆಸರೂ ಬರೆಯಲಿ.