ಮಗಳ ಕೈಗೆ ಕಮಾನು



ನಮ್ಮ ಅಜ್ಜಿ, ಅಮ್ಮಂದಿರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಸಂಗೀತವೆಂದರೆ ಹಾಡು, ಇಲ್ಲವೇ ವೀಣೆ. ಗಂಡಿನ ಕಡೆಯವರ ಮುಂದೆ ಒಂದು ಕೀರ್ತನೆ ಹೇಳಿದರೆ ಕಲಿತದ್ದು ಸಾರ್ಥಕ! ಪಿಟೀಲು ಎಂದರೆ ಮಾತ್ರ ಹಿರಿಯರು ಹುಬ್ಬೇರಿಸುತ್ತಿದ್ದರು. ಯಾಕೆ ಗೊತ್ತೇ? ಪಿಟೀಲು ಪಕ್ಕವಾದ್ಯ. ಗಂಡಸರ ಜೊತೆ ವೇದಿಕೆಯಲ್ಲಿ ಕೂರಬೇಕು, ಊರೂರು ತಿರುಗಬೇಕು, ಕಚೇರಿ ಮುಗಿಯುವಾಗ ರಾತ್ರಿಯಾಗುತ್ತದೆ. ಪಕ್ಕದಲ್ಲಿ ಹೆಂಗಸು ಕೂತರೆ ತಾವು ಹಾಡುವುದಿಲ್ಲ ಎನ್ನುತ್ತಿದ್ದ ಗಾಯಕರೂ ಇದ್ದರು.

ಪಿಟೀಲೇನು ನಮ್ಮಲ್ಲಿ ಹುಟ್ಟಿದ್ದಲ್ಲ. ಯೂರೋಪಿನ ಈ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859). ಪರದೇಶದ ವಾದ್ಯಕ್ಕೆ ಕಚೇರಿಯಲ್ಲಿ ಜಾಗ ಸಿಕ್ಕಿತು. ಮನೆಮಗಳಿಗೆ ಸಿಗುವುದು ತಡವಾಯಿತು, ನೋಡಿ!

ಆದರೂ ಸಿಕ್ಕಿತು. ಗಾಯಕಿ ಎಂ.ಎಲ್. ವಸಂತಕುಮಾರಿ ತಮ್ಮ ಶಿಷ್ಯೆ ಎ. ಕನ್ಯಾಕುಮಾರಿಯವರನ್ನು ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರು. ಅದೇ ಕನ್ಯಾಕುಮಾರಿಯವರಿಗೆ 2016ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಪಿಟೀಲು ವಿದುಷಿಯೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಹಿಂದುಸ್ತಾನಿಯಲ್ಲಿ 1938ರಲ್ಲಿ ಹುಟ್ಟಿದ ಎನ್. ರಾಜಂ ಅವರ ಮಗಳೂ ಮೊಮ್ಮಕ್ಕಳೂ ಪಿಟೀಲು ವಾದಕಿಯರೇ.

ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಹುಡುಗಿಯರು ಪಿಟೀಲಿನ ಪೆಟ್ಟಿಗೆ ಹಿಡಿದು ಪಾಠಕ್ಕೆ ಹೋಗುತ್ತಾರೆ. "ಬೇಡ" ಎನ್ನುವವರು ಕಡಿಮೆ. ಆದರೆ "ಇನ್ನು ಸಾಕು" ಎನ್ನುವವರಿಗೆ ಕೊರತೆಯಿಲ್ಲ. ಹತ್ತನೇ ಕ್ಲಾಸು ಬಂತು, ಸಾಕು. ಮದುವೆಗೆ ಬಂದಳು, ಸಾಕು. ಅದೇ ಹತ್ತನೇ ಕ್ಲಾಸಿನ ಮಗನ ಕ್ರಿಕೆಟ್ ನಿಲ್ಲಿಸುತ್ತೀರಾ, ಹೇಳಿ!

ಒಂದು ಮಾತು ತಿಳಿದಿರಲಿ. ವೀಣೆಗಾದರೆ ಮೆಟ್ಟಿಲುಗಳಿವೆ, ಪಿಟೀಲಿಗೆ ಇಲ್ಲ. ಸ್ವರದ ಜಾಗವನ್ನು ಕಿವಿಯೂ ಬೆರಳೂ ತಾವೇ ಹುಡುಕಿಕೊಳ್ಳಬೇಕು. ಎರಡು ವರ್ಷ ಬಿಟ್ಟರೆ ಬೆರಳು ದಾರಿ ತಪ್ಪುತ್ತದೆ. ಆದ್ದರಿಂದ ಪರೀಕ್ಷೆಯ ವರ್ಷವೂ ದಿನಕ್ಕೆ ಅರ್ಧ ಗಂಟೆಯಾದರೂ ಅಭ್ಯಾಸ ನಡೆಯಲಿ. ಆ ಹೊತ್ತಿನಲ್ಲಿ ಅವಳನ್ನು ಅಡುಗೆಮನೆಗೆ ಕರೆಯಬೇಡಿ. ಕಾಯಿ ತುರಿಯಲು ಅವಳ ಅಣ್ಣನಿಗೂ ಕೈಗಳಿವೆ!

ಇನ್ನೂ ಕೆಲವು ಕಿವಿಮಾತು. ಚಿಕ್ಕ ಮಕ್ಕಳಿಗೆ ದೊಡ್ಡವರ ಪಿಟೀಲು ಕೊಡಿಸಬೇಡಿ; ಅರ್ಧ, ಮುಕ್ಕಾಲು ಅಳತೆಯವು ಸಿಗುತ್ತವೆ, ಗುರುಗಳನ್ನು ಕೇಳಿ ಕೊಳ್ಳಿ. ನುಡಿಸಿದ ಮೇಲೆ ಕಮಾನನ್ನು ಸಡಿಲಿಸಿಡಬೇಕು. ತಂತಿ, ಮರದ ಮೇಲೆ ಬಿದ್ದ ರಾಳದ ಪುಡಿಯನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು.

ನಾಳೆ ಸಂಬಂಧ ಕುದುರುವ ಹೊತ್ತಿಗೆ ಒಡವೆ, ಛತ್ರದ ಮಾತಿನ ಜೊತೆಗೇ, "ನಮ್ಮ ಹುಡುಗಿ ಮದುವೆಯಾದ ಮೇಲೂ ಪಿಟೀಲು ನುಡಿಸುತ್ತಾಳೆ" ಎಂದು ಬಾಯಿಬಿಟ್ಟು ಹೇಳಿಬಿಡಿ. ಹಾಗೆಯೇ ನಿಮ್ಮ ಮನೆಗೆ ಬರುವ ಸೊಸೆ ಪಿಟೀಲಿನ ಪೆಟ್ಟಿಗೆ ತಂದರೆ ಅದನ್ನು ಅಟ್ಟಕ್ಕೆ ಹಾಕಿಸಬೇಡಿ. ಕೈಗೆ ಸಿಗುವ ಕಡೆ ಇಡಿಸಿ. ಏನಂತೀರಿ?