ಮೇಯರರ ಮಾತು, ಮತದ ಮಾತು

ಮುಂಬಯಿಯಲ್ಲಿ ಪಾಲಿಕೆಯ ಚುನಾವಣೆ ಬಂತೆಂದರೆ ಮೇಯರರು ಯಾರೆಂಬ ವಾದದಲ್ಲಿ ನಮ್ಮ ಮನೆಗಳ ಚಹ ಆರಿಹೋಗುತ್ತದೆ. ಮಾವ ಒಂದು ಪಕ್ಷ, ಅಳಿಯ ಇನ್ನೊಂದು. ಆದರೆ ನಾವು ಮೇಯರರಿಗೆ ಮತ ಕೊಡುವುದೇ ಇಲ್ಲ! ಆರಿಸುವುದು ನಮ್ಮ ವಾರ್ಡಿನ ನಗರಸೇವಕರನ್ನು. ಅಂಥ 227 ಮಂದಿ ಕೂಡಿ ಎರಡೂವರೆ ವರ್ಷಕ್ಕೊಮ್ಮೆ ಮೇಯರರನ್ನು ಆರಿಸುತ್ತಾರೆ. ಅವರಿಗೆ ಸಭೆಯ ಪೀಠವುಂಟು, ಮಾನವುಂಟು. 1888ರ ಕಾಯಿದೆಯಂತೆ ಆಡಳಿತದ ಬೀಗದಕೈ ಮಾತ್ರ ರಾಜ್ಯ ಸರಕಾರ ನೇಮಿಸುವ ಕಮಿಷನರರದು.

ಹಾಗಾದರೆ ನಮ್ಮ ಮತ ವ್ಯರ್ಥವೆ? ಅಲ್ಲ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಳ ಒಣಗಿದರೆ, ಗಟಾರ ತುಂಬಿದರೆ ಯಾರ ಬಾಗಿಲು ತಟ್ಟಬೇಕೆಂದು ನಾವು ತಡಕಾಡಿದೆವು. ನಗರಸೇವಕರ ಬೆಲೆ ತಿಳಿದದ್ದು ಅವರಿಲ್ಲದಾಗ.

ಆದುದರಿಂದ ಚರ್ಚೆಯನ್ನು ನಮ್ಮ ಓಣಿಗೇ ತರೋಣ. ಮತ ಕೇಳಬಂದವರನ್ನು ನೀರು, ಕಸ, ಪಾಲಿಕೆಯ ಕನ್ನಡ ಶಾಲೆಗಳ ವಿಷಯ ಕೇಳೋಣ. ಅದಕ್ಕೂ ಮೊದಲು ಮತದಾರರ ಯಾದಿ ನೋಡೋಣ. ನಮ್ಮಲ್ಲಿ ಹಲವರ ಹೆಸರು ಇನ್ನೂ ಊರಿನಲ್ಲೇ ಇದೆ. ಮೂವತ್ತು ವರ್ಷ ಇಲ್ಲಿಯ ನೀರು ಕುಡಿದು ಮತವನ್ನು ಊರಲ್ಲಿಟ್ಟವರ ವಾದಕ್ಕೆ ಆರಿದ ಚಹದ ಬೆಲೆಯೂ ಇಲ್ಲ.