ಹೊಳಪಲ್ಲ, ಓಟ ಮುಖ್ಯ

ಮುಂಬಯಿಯ ಹಳೆ ಮೋಟಾರುಗಳ ಮೆರವಣಿಗೆಯಲ್ಲಿ ನಾವು ಚಪ್ಪಾಳೆ ತಟ್ಟುವುದು ಬಣ್ಣದ ಹೊಳಪಿಗೆ. ಬಾನೆಟ್ಟಿನೊಳಗೆ ಜೀಪಿನ ಇಂಜಿನಿದ್ದರೂ ನಮಗೆ ಚಿಂತೆಯಿಲ್ಲ! ಮೂರ್ತಿಯನ್ನೇ ಬದಲಿಸಿ ಗುಡಿಗೆ ಸುಣ್ಣ ಬಳಿದರೆ ಅದು ಜೀರ್ಣೋದ್ಧಾರವೇ?

1908ರಿಂದ 1927ರವರೆಗೆ ತಯಾರಾದ ಅಮೆರಿಕದ ಫೋರ್ಡ್ ‘ಟಿ’ ಟೂರಿಂಗ್ ಕಾರನ್ನೇ ನೋಡಿ. ಎಣ್ಣೆಗೆ ಪಂಪಿಲ್ಲ, ತಿರುಗುವ ಭಾಗಗಳೇ ಅದನ್ನು ಚಿಮ್ಮಿಸುತ್ತವೆ. ಆ ಜಾಣತನವಿರುವುದು ಇಂಜಿನಿನಲ್ಲಿ, ಬಣ್ಣದಲ್ಲಲ್ಲ. ವರ್ಷಗಟ್ಟಲೆ ನಿಂತದ್ದನ್ನು ಓಡಿಸಲು ಟ್ಯಾಂಕು ತೊಳೆದು, ಸಿಲಿಂಡರಿಗೆ ಎಣ್ಣೆ ಹನಿಸಿ, ಕೈಯಿಂದ ಮೆಲ್ಲನೆ ತಿರುಗಿಸುವ ತಾಳ್ಮೆ ಬೇಕು. 1928ರಲ್ಲಿ ಜನರಲ್ ಮೋಟಾರ್ಸ್ ಶಿವಡಿಯಲ್ಲಿ ಕಾರು ಜೋಡಿಸತೊಡಗಿದಂದಿನಿಂದ ಈ ನಗರದ ಕೈಗಳು ಆ ಕೆಲಸ ಬಲ್ಲವು. ಇಂದು ಅದನ್ನು ಬಲ್ಲ ಹಿರಿಯ ಮೆಕ್ಯಾನಿಕರಿಗೆ ಕೆಲಸ ಕೊಡದಿದ್ದರೆ ವಿದ್ಯೆಯೂ ಅವರೊಡನೆ ಹೋದೀತು.

2021ರ ಕೇಂದ್ರ ನಿಯಮವೂ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕಷ್ಟೇ ‘ವಿಂಟೇಜ್’ ಪಟ್ಟ ಕೊಡುತ್ತದೆ.

‘ಹಣವಂತರ ಶೋಕಿ, ನಮಗೇಕೆ?’ ಎನ್ನಬೇಡಿ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೆ ಕಾರುಗಳನ್ನು ಕಣ್ಣರಳಿಸಿ ನೋಡುವವರು ನಾವೇ. ಊರಮನೆಯ ಶೆಡ್ಡಿನಲ್ಲಿ ತುಕ್ಕು ಹಿಡಿದ ಅಜ್ಜನ ಕಾರನ್ನು ತೂಕಕ್ಕೆ ಮಾರುವವರೂ ನಾವೇ. ಗುಜರಿಯವನಿಗಿಂತ ಮೊದಲು ಮೆಕ್ಯಾನಿಕನನ್ನು ಕರೆಯಿರಿ.